ಡಿಸ್ಕಿಗೂ ‘ರಿ’ ಹಚ್ಚುವ ಕಾಕಾ

ನಮ್ಮ ಕಾಕಾ, ಸಾಹೇಬರ ಮುಂದೆ ನಿಂತಾಗಲೂ ಒಮ್ಮೊಮ್ಮೆ ‘ರಿ’ ಹಚ್ಚುವುದನ್ನು ಮರೆಯುತ್ತಾರೆ. ಹಾರ್ಡ್ ಡಿಸ್ಕಿಗೆ ಮಾತ್ರ ಎಂದೂ ಮರೆತವರಲ್ಲ! ನಂಬುವುದಿಲ್ಲವೇ? ಭಾಲ್ಕಿಗೆ ಬನ್ನಿ. ಬೆಳಿಗ್ಗೆ ಸ್ನಾನ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು, ನಡುಮನೆಯ ಮೂಲೆಯ ಕರಿ ಡಬ್ಬಿಯ ಮುಂದೆ ನಿಂತು, “ಹ್ಯಾಂಗಿದ್ದೀರಿ? ಎಲ್ಲಾರೂ ಆರಾಮ ಇದ್ದೀರಿಲ್ಲ?” ಎಂದು ಕೇಳುವುದನ್ನು ಕಣ್ಣಾರೆ ನೋಡಬಹುದು.

ಡಬ್ಬಿ ಏನೆಂದು ಹೇಳಿಬಿಡುತ್ತೇನೆ. ಕಾಕಾ ಮೂವತ್ತು ವರ್ಷ ಲಗ್ನದ ವಿಡಿಯೋ ತೆಗೆದವರು. ಭಾಲ್ಕಿ, ಔರಾದ, ಸಂತಪುರ, ಚಿಂತಾಕಿ, ಈ ಸೀಮೆಯಲ್ಲಿ ಅಕ್ಕಿಕಾಳು ಬಿದ್ದಲ್ಲೆಲ್ಲ ಅವರ ಕ್ಯಾಮೆರಾ ಇರುತ್ತಿತ್ತು. ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿಯತೊಡಗಿದಾಗ ಗಾಬರಿಯಾಗಿ, ಎಲ್ಲವನ್ನೂ ಎಂಟು ಹಾರ್ಡ್ ಡಿಸ್ಕುಗಳ ಈ ಸರ್ವರ್ ಡಬ್ಬಿಗೆ ಇಳಿಸಿದರು. ಎಂಟೂ ಕೂಡಿ ಒಂದೇ ಸಂಸಾರ. ಒಂದು ಹಾಸಿಗೆ ಹಿಡಿದರೆ ಉಳಿದವು ಅದರ ಪಾಲಿನದನ್ನೂ ಸಂಭಾಳಿಸುತ್ತವೆ. ಒಮ್ಮೆಗೇ ಎರಡು ಕೈಕೊಟ್ಟವೋ, ಇಡೀ ಸೀಮೆಯ ಲಗ್ನಗಳೆಲ್ಲ ಖಲಾಸ್!

ಮಂದಿಯ ಲಗ್ನ ಹೋದರೆ ಇವರ ಗಂಟೇನು ಹೋಯಿತು ಅಂತೀರಾ? ಅಲ್ಲೇ ಇದೆ ವಿಷಯ. ಆ ಲಗ್ನಗಳಲ್ಲೆಲ್ಲ ಕಾಕಾನ ಹಿಂದೆ ದೊಡ್ಡ ದೀಪ ಎತ್ತಿ ಹಿಡಿದು ನಿಂತವರು ಅವರ ಹೆಂಡತಿ, ನಮ್ಮ ಕಾಕು. ದೀಪ ಹಿಡಿದವರು ವಿಡಿಯೋದಲ್ಲಿ ಎಲ್ಲಿ ಬರುತ್ತಾರೆ? ದನಿ ಮಾತ್ರ ಬರುತ್ತದೆ. “ಯಪ್ಪಾ, ಅಡ್ಡ ನಿಂದರಬ್ಯಾಡ, ಸರಿ!” “ನಗವ್ವಾ, ನಿಂದೇ ಲಗ್ನ ಅದ!” ಎರಡು ವರ್ಷದ ಹಿಂದೆ ಗಂಟಲಿನ ಆಪರೇಶನ್ ಆಗಿ ಕಾಕೂನ ಆ ದನಿ ಹೋಯಿತು. ಈಗ ಸ್ಟೀಲಿನ ಲೋಟ ಬಡಿದು ಮಾತಾಡುತ್ತಾರೆ. ಒಂದು ಟಣ್ ಅಂದರೆ ‘ಬಾ’, ಎರಡು ಟಣ್ ಅಂದರೆ ‘ಚಹಾ’, ಬಿಡದೆ ಟಣಟಣ ಅಂದರೆ ‘ಕಾಕಾ ಏನೋ ತಪ್ಪು ಮಾಡಿದ್ದಾರೆ’. ಮೂರನೆಯದೇ ಹೆಚ್ಚು ಕೇಳಿಸುತ್ತದೆ! ಅವರ ದನಿ ಉಳಿದಿರುವುದು ಆ ಡಬ್ಬಿಯೊಳಗೆ, ಕಂಡವರ ಲಗ್ನಗಳ ನಡುವೆ. ಕಾಕಾ ಅದಕ್ಕೆ ‘ರಿ’ ಹಚ್ಚದೆ ಇನ್ನಾರಿಗೆ ಹಚ್ಚಬೇಕು?

ನಾನು ಅವರ ಅಣ್ಣನ ಮಗಳು. ಬೀದರ್ ಪೇಟೆಯಲ್ಲಿ ಬೆಳೆದವಳು, ಮೇಲಾಗಿ ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವವಳು. ಒಮ್ಮೆ ನನ್ನ ಪರೀಕ್ಷೆಯಾಯಿತು.

“ಕಂಪ್ಯೂಟರ್ ಕಲಿಸ್ತೀಯಲ್ಲ, ಡಿಸ್ಕ್ ಹ್ಯಾಂಗ ತೆಗೀತಿ ಹೇಳು?”

“ಹಿಡದು ಜಗ್ತೀನ್ರಿ.”

ಕಾಕಾ ಎದೆ ಹಿಡಿದುಕೊಂಡರು. “ಜಗ್ತೀಯಾ? ಮನಿಗೆ ಬಂದ ಬೀಗರನ್ನ ರಟ್ಟಿ ಹಿಡದು ಜಗ್ತೀಯೇನು?”

ಆಮೇಲೆ ಪಾಠ. ಮೊದಲು ಕಿಟಕಿಯ ಕಬ್ಬಿಣದ ಸರಳು ಮುಟ್ಟಬೇಕು, ಮೈಯೊಳಗಿನ ಕರೆಂಟ್ ಇಳಿಯಬೇಕು. ಪರದೆಯ ಮೇಲೆ ‘ಇಂಥ ಡಿಸ್ಕು ತೆಗೆಯುತ್ತೇನೆ’ ಎಂದು ಡಬ್ಬಿಗೆ ತಿಳಿಸಬೇಕು. ಅದರ ದೀಪ ಆರುವ ತನಕ ಕಾಯಬೇಕು. ಎರಡೇ ಬೆರಳಷ್ಟು ಹೊರಗೆ ಸರಿಸಿ, ಒಳಗಿನ ಚಕ್ರ ನಿಲ್ಲುವ ತನಕ ಮತ್ತೆ ಕಾಯಬೇಕು. “ತಿರಗೋ ಬೀಸುಕಲ್ಲು ಯಾರರ ಎತ್ತತಾರೇನು?” ಕೊನೆಗೆ, “ಬರ್ರಿ, ಸಾವಕಾಶ ಬರ್ರಿ” ಎನ್ನುತ್ತ ಎರಡೂ ಕೈಯಿಂದ ಇಳಿಸಿಕೊಳ್ಳಬೇಕು. ಬಾಣಂತಿಯನ್ನು ಬಸ್ಸಿನಿಂದ ಇಳಿಸುವಾಗಲೂ ಇಷ್ಟು ಉಪಚಾರ ನಾನು ಕಂಡಿಲ್ಲ!

ತೋರಿಸಲೆಂದು ಅವರು ಮೊದಲನೆಯ ಡಿಸ್ಕು ಇಳಿಸಿದರು. ಬೆನ್ನಿಗೆ ಒಂದು ಚೀಟಿ. ಅದರ ಮೇಲೆ ‘ಲಾಭ’!

“ಇದೇನ್ರಿ ಕಾಕಾ?”

“ರಾಶಿ ಅಳೀವಾಗ ಮೊದಲ್ನೇದಕ್ಕ ಒಂದು ಅಂತಾರೇನು? ಲಾಭ ಅಂತಾರ. ಸಂತಪುರದ ಒಕ್ಕಲತನದ ಮನಿಯವ ನಾ. ಜ್ವಾಳಕ್ಕ ಒಂದು ಲೆಕ್ಕ, ಡಿಸ್ಕಿಗೊಂದು ಲೆಕ್ಕ ಇಟ್ಟಾವಲ್ಲ!”

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗುವುದು ಬಿಟ್ಟು ಉಳಿದ ಚೀಟಿಗಳನ್ನೂ ಓದಿದ್ದರೆ ಮುಂದಿನ ಅನಾಹುತವೇ ಆಗುತ್ತಿರಲಿಲ್ಲ.

ಬೇಸಿಗೆ ರಜೆಗೆ ಹೋದಾಗ ಏಳನೆಯ ಡಿಸ್ಕಿಗೆ ಕೆಂಪು ದೀಪ ಹತ್ತಿತು. ಕಾಕಾ ಚಪ್ಪಲಿ ಹುಡುಕುವ ಮೊದಲೇ ಬಸ್ಸು ಹುಡುಕಿ ಹೊಸ ಡಿಸ್ಕು ತರಲು ಬೀದರಿಗೆ ಓಡಿದರು. ಅಂಗಡಿಯಿಂದ ಅವರ ಫೋನ್ ಬಂತು. ಹಿಂದೆ ಅಂಗಡಿಯ ಭಾಯಿಯ ದನಿ: “ಚಾಚಾ, ಪುರಾನೇ ಪೊ ನಂಬರ್ ಕ್ಯಾ ಹೈ, ಪೂಛೋ!” ಹಳೆಯದರ ಬೆನ್ನ ಮೇಲಿನ ನಂಬರ್ ಹೇಳದೆ ಹೊಸದು ಕೊಡುವಂತಿಲ್ಲವಂತೆ. ಅಂದರೆ ಡಿಸ್ಕು ನಾನೇ ತೆಗೆಯಬೇಕು!

ಸರಳು ಮುಟ್ಟಿದೆ. ಡಬ್ಬಿಗೆ ತಿಳಿಸಿದೆ. ದೀಪ ಆರಿತು. ಎರಡು ಬೆರಳಷ್ಟು ಸರಿಸಿ ಕಾಯುತ್ತ ನಿಂತೆ.

“ಯಾವುದು ತೆಗೀಲತ್ತಿ?” ಎಂದರು ಫೋನಿನಲ್ಲಿ ಕಾಕಾ.

“ಏಳು!”

“ಏ ಹುಡುಗಿ, ಏಳು ಅಲ್ಲ! ಮತ್ತೊಂದು! ಮತ್ತೊಂದು!”

ತಪ್ಪು ಡಿಸ್ಕು ಸರಿಸಿಬಿಟ್ಟೆನೇ? “ಮತ್ತೊಂದು ಅಂದ್ರ ಯಾವುದ್ರಿ?”

“ಆರರ ಬಾಜೂಕಿಂದು! ಲಗೂನ ತೆಗಿ!”

ಆರರ ಒಂದು ಬದಿಗೆ ಏಳು. ಅದು ಅಲ್ಲವಂತೆ. ಇನ್ನೊಂದು ಬದಿಗೆ ಐದು. ಅಷ್ಟರಲ್ಲಿ ಕಾಕು ಟಣಟಣಟಣ ಲೋಟ ಬಡಿಯತೊಡಗಿದರು. “ತಡೀರಿ ಕಾಕು, ತಪ್ಪು ಮಾಡಿದ್ದು ಕಾಕಾ ಅಲ್ರಿ, ನಾ!” ಎಂದೆ. ಸರಳಿಲ್ಲ, ದೀಪವಿಲ್ಲ, ‘ಬರ್ರಿ’ ಇಲ್ಲ, ಐದನ್ನು ಹಿಡಿದು ಜಗ್ಗಿಬಿಟ್ಟೆ! ಲೋಟ ಬಂದು ನನ್ನ ಬೆನ್ನಿಗೆ ಬಡಿಯಿತು. ಡಬ್ಬಿಯ ದೀಪಗಳೆಲ್ಲ ಕೆಂಪಾದವು.

ಏಳನೆಯದನ್ನು ಪೂರ್ತಿ ಹೊರಗೆಳೆದೆ. ಬೆನ್ನಿನ ಚೀಟಿಯಲ್ಲಿ ಕಾಕಾನ ಅಕ್ಷರ: ‘ಮತ್ತೊಂದು’.

ಕಾಕು ಕಾಳು ಅಳೆಯುವಂತೆ ಕೈಯಾಡಿಸಿದರು. ಆರು ಬೆರಳು ತೋರಿಸಿದರು. ಆಮೇಲೆ ದಡಕ್ಕನೆ ಎದ್ದು, ಸೆರಗು ಸಿಗಿಸಿಕೊಂಡು ಬಾಗಿಲ ಕಡೆ ನಡೆದು ತೋರಿಸಿದರು. ಆಗ ಹೊಳೆಯಿತು. ‘ಏಳು’ ಅಂದರೆ ‘ಎದ್ದೇಳು’! ರಾಶಿ ಅಳೆಯುವಾಗ ಹಾಗೆ ಅಂದರೆ ಲಕ್ಷ್ಮಿ ಎದ್ದು ಹೊರಟುಬಿಡುತ್ತಾಳೆ. ಅದಕ್ಕೇ ಆರಾದ ಮೇಲೆ ‘ಮತ್ತೊಂದು’, ಆಮೇಲೆ ಎಂಟು. ನಾನು ತೆಗೆದದ್ದು ಸರಿಯೇ ಇತ್ತು, ಅಂದದ್ದು ತಪ್ಪಿತ್ತು!

ಫೋನಿನಲ್ಲಿ ಹೇಳಿದೆ. “ಡಬ್ಬಿ ಬಂದ್ ಮಾಡವ್ವಾ. ಇನ್ನ ಮುಟ್ಟಬ್ಯಾಡ. ಬರ್ತೀನಿ,” ಎಂದರಷ್ಟೆ ಕಾಕಾ. ಬಂದಾಗ ಅಂಗಡಿ ಮುಚ್ಚಿಕೊಂಡು ಭಾಯಿಯೂ ಜೊತೆಗೆ ಬಂದಿದ್ದ. “ಮೇರಾ ನಿಕಾಹ್ ಭೀ ಇಸೀಚ್ ಮೇ ಹೈ ಬಾಬಾ!” ಎಂದು ಬೆವರು ಒರೆಸಿಕೊಂಡ. ಅವನ ಮದುವೆಯೂ ಇದೇ ಡಬ್ಬಿಯಲ್ಲಿತ್ತು!

ಕಾಕಾ ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. “ಜಗ್ಗುವಾಗ ಚಕ್ರ ನಿಂತಿತ್ತೇನು?” ಎಂದು ಕೇಳಿದರು. “ಇಲ್ರಿ,” ಎಂದೆ. ಕಣ್ಣು ಮುಚ್ಚಿಕೊಂಡರು. ನಾನು ಅಡುಗೆಮನೆಗೆ ಹೋಗಿ ಅತ್ತೆ. ಹೋದದ್ದು ಡಿಸ್ಕಲ್ಲ, ಕಾಕೂನ ದನಿ, ಅದೂ ನನ್ನ ಕೈಯಿಂದ.

ಭಾಯಿ ಐದನ್ನು ಅದರ ಜಾಗಕ್ಕೆ ಸೇರಿಸಿ, ‘ಮತ್ತೊಂದರ’ ಜಾಗಕ್ಕೆ ಹೊಸದು ಕೂರಿಸಿದ. ಎರಡು ದಿನ ಡಬ್ಬಿ ಗುರ್ ಎನ್ನುತ್ತ ಕೂತಿತು. ಎರಡು ದಿನ ಕಾಕಾ ರೊಟ್ಟಿ ಮುರಿದರು, ಬಾಯಿಗಿಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಎಂಟೂ ದೀಪ ಹಸಿರಾದವು!

“ಯಾವುದರ ಒಂದು ಲಗ್ನ ಹಚ್ಚು,” ಎಂದರು ಕಾಕಾ. ಸಂತಪುರದ್ದೊಂದು ಹಚ್ಚಿದೆ. ಮದುಮಗಳು ಮಾಲೆ ಎತ್ತಿದಳು. ಅದೇ ಗಳಿಗೆಗೆ ಚಿತ್ರ ಗರ್ರನೆ ತಿರುಗಿ ಪರದೆಯೆಲ್ಲ ಬೆಳ್ಳಗಾಯಿತು.

“ಕಾಕಾ, ಕೆಟ್ಟದ್ರಿ ಇದು!”

“ಕೆಟ್ಟಿಲ್ಲ. ತಡಿ.”

ಆ ಬಿಳುಪಿನೊಳಗಿಂದ ದನಿ ಬಂತು. ಗಟ್ಟಿ ದನಿ, ಹರೆಯದ ದನಿ. “ಏನ್ರೀ! ಮದಿಮಗಳು ಆ ಕಡಿ ಇದ್ದಾಳ, ನನ್ನ ಯಾಕ ತೆಗೀಲತ್ತೀರಿ? ಮಂದಿ ನೋಡ್ತಾರ!”

ಔರಾದದ ಲಗ್ನ ಹಚ್ಚಿದೆ. ಅದರಲ್ಲೂ ಒಂದು ಕಡೆ ಹಾಗೆಯೇ. ಚಿಂತಾಕಿಯದರಲ್ಲೂ. ಮಂದಿಯ ಲಗ್ನ ಬಿಟ್ಟು ಕಾಕಾ ಪ್ರತಿಸಲ ಹಿಂದೆ ತಿರುಗಿದ್ದರು, ಪ್ರತಿಸಲ ಆ ದೀಪವೇ ಕಾಕೂನ ಮುಖ ನುಂಗಿತ್ತು. ಕಾಕು ಸೆರಗಿನಿಂದ ಅರ್ಧ ಬಾಯಿ ಮುಚ್ಚಿಕೊಂಡು ಕೂತಿದ್ದರು. ತಮ್ಮದೇ ಹಳೆಯ ಬೈಗುಳದ ಜೊತೆ ಅವರ ತುಟಿ ಸದ್ದಿಲ್ಲದೆ ಆಡುತ್ತಿತ್ತು.

ಕಾಕಾ ಪರದೆಗೆ ಬೆನ್ನು ಹಾಕಿ ಅವರ ಕಡೆ ತಿರುಗಿದರು. “ಮಂದಿ ನೋಡ್ಲಿ ಬಿಡು,” ಎಂದರು. “ನಾ ನಿನ್ನ ನೋಡ್ಲತ್ತಿದ್ದೆ.”