ಕಾಕಾನ ಒಂದ ಕಿವಿ, ಮಗನ ಏಳು ಸ್ಪೀಕರ್

ಇಳಕಲ್ಲಾಗ ಸ್ಪೀಕರ್ ರಿಪೇರಿ ಮಾಡ್ಕೊಂತ ಕುಂತಾವ ನಾ. ಹಾಡು ಕೇಳಾಕಂತ ಮಷೀನ್ ತಗೊಂಡು, ಆಮ್ಯಾಲೆ ಮಷೀನ್ ಹುಚ್ಚಿಗೆ ಬಿದ್ದು ಹಾಡ ಮರಿಯೋ ಮಂದಿ ನನ್ನ ಅಂಗಡಿಗೆ ತಪ್ಪಂಗಿಲ್ಲ. ಅದ್ರಾಗ ನಮ್ಮ ಓಣಿ ಕಾಕಾನ ಮನಿ ಕತಿ ಕೇಳ್ರಿ.

೧. ಸಣ್ಣ ಡಬ್ಬಿ

ಕಾಕಾ ಜನ್ಮ ಪೂರ್ತಿ ಕಲ್ಲು ಪಾಲಿಶ್ ಫ್ಯಾಕ್ಟರ್‍ಯಾಗ ದುಡದಾವ. ಆ ಸಪ್ಪಳಕ್ಕ ಎಡಗಿವಿ ಹೋಗಿತ್ತು. ಬಾಗಲಕೋಟಿ ದವಾಖಾನ್ಯಾಗ ಡಾಕ್ಟರು, "ಬಲಗಿವಿನೂ ಹೊಂಟೈತ್ರಿ. ಏನ ಕೇಳೂದೈತಿ, ಈಗ ಕೇಳ್ಕೋರಿ" ಅಂದ್ರಂತ. ಕಾಕಾ ಬಸ್ ಇಳದು ಸೀದಾ ನನ್ನ ಅಂಗಡಿಗೆ ಬಂದ.

"ವಚನ ಕೇಳಬೇಕೋ ತಮ್ಮಾ. ಒಂದ ಸಣ್ಣ ಡಬ್ಬಿ ಕೊಡು, ಸಾಕು."

ಹಿಂದ ಮಗ ನಿಂತಿದ್ದ. ಅಪ್ಪನ ಮ್ಯಾಲೆ ಜೀವ ಅವಂಗ, ಅದ ತ್ರಾಸ ಆತು. "ನಮ್ಮಪ್ಪಗ ಡಬ್ಬಿ ಕೊಡ್ತೀಯೇನ್ಲೇ? ಊರಾಗ ಯಾರ ಮನ್ಯಾಗೂ ಇರಬಾರದು, ಅಂಥಾದ್ದು ಹಚ್ಚು."

"ಲೇ, ಅಪ್ಪಗ ಉಳದಿರೋದು ಒಂದ ಕಿವಿ. ಎಷ್ಟ ಸ್ಪೀಕರ್ ಬೇಕು?"

"ಏಳು" ಅಂದ.

೨. ಮುಹೂರ್ತ

ಏಳೂ ಬಂದ್ವು. ಕಾಕಾನ ಮನಿ ಪಡಸಾಲ್ಯಾಗ ವೈರ್ ಎಳದು ಮುಗಿಸಿದೆ. ಹಾಡು ಹಚ್ಚಬೇಕನ್ನೂದ್ರಾಗ ಮಗ ನನ್ನ ಕೈ ಹಿಡದ. ಆಷಾಢದಾಗ ಹೊಸಾದು ಚಾಲೂ ಮಾಡಬಾರದಂತ, ಶ್ರಾವಣ ಸೋಮವಾರ ಪೂಜಾ ಆಗಬೇಕಂತ. ಕಾಕಾ ದಿನಾ ಬಂದು ಸುಮ್ಮನಿದ್ದ ಸ್ಪೀಕರ್ ಮುಂದ ಕುಂತು, ಎದ್ದು ಹೋಗಾಂವ. ನನಗ ಸಿಟ್ಟ ನೆತ್ತಿಗೇರತಿತ್ತು.

"ಆ ಕಿವಿ ನಿನ್ನ ಶ್ರಾವಣ ಕಾಯಂಗಿಲ್ಲೋ" ಅಂದೆ.

"ಒಂದ ತಿಂಗಳದಾಗ ಏನಾಗತೈತ್ಲೇ?" ಅಂದ.

ಸೋಮವಾರ ಬಂತು. ಏಳಕ್ಕೂ ವಿಭೂತಿ ಹಚ್ಚಿದ್ರು, ಆಂಪ್ಲಿಫೈಯರ್ ಮುಂದ ಕಾಯಿ ಒಡದ್ರು. ನೀರೆಲ್ಲಾ ಒಳಗ ಹೋತು. ಪೂಜಾ ಸಾಂಗವಾಗಿ ಆತು, ಮಷೀನ್ ಲಿಂಗೈಕ್ಯ ಆತು.

೩. ಹೆಲಿಕಾಪ್ಟರ್

ಅದನ್ನ ರಿಪೇರಿ ಮಾಡಿ ತಂದಮ್ಯಾಲೆ ಬೀಗರ ದಂಡು ಸುರು. ನೋಡಾಕ ಬಂದಾವ್ರಿಗೆಲ್ಲಾ ಮಗ ಟೆಸ್ಟಿಂಗ್ ಹಚ್ಚಿ ತೋರಸಾವ. ಹೆಲಿಕಾಪ್ಟರ್ ಸಪ್ಪಳ ಬೆನ್ನ ಹಿಂದಿಂದ ಬರೂದು, ರೈಲು ಸೋಫಾದ ಕೆಳಗ ಹೋಗೂದು. ಗಣಪತಿ ಮಾಡಂದ್ರ ಅವರಪ್ಪನ್ನ ಮಾಡಿದ್ದ.

"ಹಾಡು?" ಅಂತ ಕಾಕಾ ಕೇಳಾಂವ.

"ತಡಿಯಪಾ, ಸೆಟ್ಟಿಂಗ್ ಮುಗೀಲಿ."

ಕಾಕಾ ನನ್ನ ಕಡೆ ತಿರುಗಿ ಅಂದ: "ಸಪ್ಪಳ ಸಾಕಂತ ಫ್ಯಾಕ್ಟರಿ ಬಿಟ್ಟು ಮನ್ಯಾಗ ಕುಂತ್ರ, ಈ ಮಗ ಫ್ಯಾಕ್ಟರಿನ ಮನಿಗೆ ತಂದಾನ."

೪. ಹಾಡು

ದೀಪಾವಳಿ ಮುಂದ ಸೆಟ್ಟಿಂಗ್ ಮುಗೀತು. ಅಷ್ಟೊತ್ತಿಗೆ ನಾವು ಏನ ಅಂದ್ರೂ ಕಾಕಾ ನಕ್ಕು ತಲಿ ಅಲ್ಲಾಡಿಸ್ತಿದ್ದ. ಮುದುಕ ಖುಷಿ ಅದಾನ ಅಂದ್ಕೊಂಡಿವಿ.

ಮಗ ತಾನ ಅಪ್ಪನ ಕೈ ಹಿಡದು ನಡುವಿನ ಖುರ್ಚಿ ಮ್ಯಾಲೆ ಕುಂದ್ರಿಸಿದ. ನಾ ವಚನ ಹಚ್ಚಿದೆ. ಹಾಡಾವ ಉಸಿರು ಎಳಕೊಳ್ಳೂದೂ ಕೇಳಸ್ತಿತ್ತು. ಇಷ್ಟ ಛಂದ ನಾನೂ ಕೇಳಿರಲಿಲ್ಲ, ಸುಳ್ಳ್ಯಾಕ ಹೇಳ್ಲಿ. ಬಾಜೂ ಮನ್ಯಾಕಿ ಬಾಗಲಕ್ಕ ಬಂದು, "ಸಣ್ಣ ಮಾಡ್ರಿ, ಕೂಸು ಎದ್ದೈತಿ" ಅಂದ್ಲು. ಮಗ ಇನ್ನೂ ಜೋರ ಮಾಡಿದ.

ಕಾಕಾ ಕಣ್ಣ ಮುಚ್ಚಿ ಭಾಳ ಹೊತ್ತು ಕುಂತಿದ್ದ. ಹಾಡಿನ್ನೂ ನಡದಿತ್ತು, ಕಿಟಕಿ ಗಾಜು ನಡಗತಿದ್ವು. ಕಣ್ಣ ತಗದು ಮಗನ ಬೆನ್ನ ಮ್ಯಾಲೆ ಕೈಯಾಡಿಸಿ ಅಂದ:

"ಈಗ ಚಲೋ ಆತ ನೋಡಪಾ. ಒಂದೂ ಸಪ್ಪಳಿಲ್ಲ. ಇನ್ನ ಹಾಡು ಹಚ್ಚು."