ನಾಲ್ವರು ಬರೆದ ಐದು ಚೀಟಿ

ಇಳಕಲ್‌ನಲ್ಲಿ ನಮ್ಮ ಕಚೇರಿ ಇದ್ದ ಮನೆಯಲ್ಲಿ ಎಣಿಕೆ ಒಂದು ಹೆಚ್ಚು ಬರುವುದು ರೂಢಿಯಾಗಿತ್ತು. ನಾನು ಬಿ.ಎಸ್ಸಿ. ಓದಿದವನು, ಎರಡು ಸಲ ಎಣಿಸದೆ ನಂಬುವುದಿಲ್ಲ. ಇಲ್ಲಿ ಬರೆದದ್ದೆಲ್ಲ ಎರಡು ಸಲ ಎಣಿಸಿದ್ದು.

೧. ನಿಯಮ

ಇಂಟರ್‌ನೆಟ್ ಇನ್ನೂ ಫೋನಿನ ತಂತಿಯಲ್ಲಿ ಬರುತ್ತಿದ್ದ ವರ್ಷಗಳು. ಹುನಗುಂದದ ಕಡೆಯ ಒಂದು ಗ್ರಾನೈಟ್ ಕಾರ್ಖಾನೆಗೆ, ಅಲ್ಲಿನ ಕಲ್ಲು ಹಲಗೆಗಳ ನಂಬರು, ಅಳತೆ ಇಡುವ ಸಾಫ್ಟ್‌ವೇರ್ ಮಾಡುತ್ತಿದ್ದೆವು. ನಾವು ನಾಲ್ವರು. ಸಾಹೇಬರು, ಪ್ರೋಗ್ರಾಂ ಬರೆಯುವ ಶಿರೂರಿನವನು ಮತ್ತು ಬಾದಾಮಿಯ ಮೇಡಂ, ಅವರ ತಪ್ಪು ಹುಡುಕಲು ನಾನು. ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ.

ಸಾಹೇಬರು ಪುಣೆಯಲ್ಲಿ ಅಜೈಲ್ ಎಂಬ ಹೊಸ ಕೆಲಸದ ಪದ್ಧತಿ ಕಲಿತು ಬಂದವರು. ಕೀಲಿ ಹಾಕುವ ಒಂದು ತಗಡಿನ ಡಬ್ಬಿ ತಂದು, ಮುಚ್ಚಳಕ್ಕೆ ಸೀಳು ಕೊಯ್ಸಿ, ಮೇಜಿನ ಮೇಲೆ ಇಟ್ಟರು.

"ಹದಿನೈದು ದಿನಕ್ಕೊಮ್ಮೆ ಕುಂತು ಹಿಂದ ಹೊಳ್ಳಿ ನೋಡೂದು. ಏನ್ ಚಲೋ ಆತು, ಏನ್ ಕೆಟ್ಟಿತು, ಏನ್ ಬದಲ್ ಮಾಡಬೇಕು. ಚೀಟಿ ಬರದು ಹಾಕ್ರಿ. ಹೆಸರು ಬ್ಯಾಡ. ಯಾರು ಬರದಾರ ಅಂತ ಯಾರೂ ಕೇಳಂಗಿಲ್ಲ."

ಮೊದಲ ಸಭೆಯಲ್ಲಿ ನಾಲ್ಕು ಚೀಟಿ ಬಂದವು. ನಾಲ್ಕರಲ್ಲೂ ಒಂದೇ ಮಾತು: "ಸಾಹೇಬರು ಭಾಳ ಚಲೋ." ಒಂದು ಹಸಿರು ಶಾಯಿಯಲ್ಲಿತ್ತು. ಕಚೇರಿಯಲ್ಲಿದ್ದ ಒಂದೇ ಹಸಿರು ಪೆನ್ನು ಸಾಹೇಬರ ಕಿಸೆಯಲ್ಲಿತ್ತು.

ಯಾರೂ ಕೇಳಲಿಲ್ಲ.

೨. ಪೆನ್ಸಿಲ್

ಎರಡನೇ ಸಭೆಯಲ್ಲಿ ಐದು ಚೀಟಿ. ನಾನು ಮತ್ತೆ ಎಣಿಸಿದೆ. ಐದೇ. ಐದನೆಯದು ಪೆನ್ಸಿಲ್ಲಿನ ದಪ್ಪ ಅಕ್ಷರ: "ತೆಗ್ಗಿನ ಮ್ಯಾಲ ಕುಂದರಬ್ಯಾಡ್ರಿ."

ಕೋಣೆಯಲ್ಲಿ ಎಲ್ಲೂ ತೆಗ್ಗು ಇರಲಿಲ್ಲ. ಗೋಡೆಯಾಚೆ ಬೆಳಗಿನಿಂದ ಬಡಿಯುತ್ತಿದ್ದ ಮಗ್ಗ ನಾವು ಸಭೆಗೆ ಕುಳಿತಾಗಲೇ ನಿಂತಿತ್ತು. ಅದನ್ನೂ ನಾನು ಗುರುತು ಹಾಕಿಕೊಂಡೆ.

"ಯಾರ್ ಬರದದ್ದು ಇದು?" ಎಂದ ಶಿರೂರಿನವನು.

"ಕೇಳಂಗಿಲ್ಲ ಅಂದೇನಲಾ?" ಎಂದರು ಸಾಹೇಬರು. ಅವರ ದನಿಯೂ ಸಣ್ಣಗಾಗಿತ್ತು.

ಶಿರೂರಿನವನು ತನ್ನ ಕುರ್ಚಿ ಎತ್ತಿ ಬಾಗಿಲ ಬಳಿ ಹಾಕಿಕೊಂಡ. ಖಾಲಿ ಬಿದ್ದ ಜಾಗ ಫ್ಯಾನಿನ ಕೆಳಗೆ. ಸಾಹೇಬರು ತಮ್ಮ ಕುರ್ಚಿಯನ್ನು ಅಲ್ಲಿಗೆ ಎಳೆದುಕೊಂಡರು. ಮೂರನೇ ದಿನ ನೆಲಹಾಸಿನಡಿಯ ಮರದ ಹಲಗೆ ಮುರಿದು, ಕುರ್ಚಿಯ ಸಮೇತ ಇಳಿದರು. ಹಿಂದೆ ನೇಕಾರರು ಕಾಲು ಇಳಿಬಿಟ್ಟು ಕೂರುತ್ತಿದ್ದ ಕುಣಿ ಮಗ್ಗದ ತೆಗ್ಗು ಅದು. ಪೆಟ್ಟಾಗಲಿಲ್ಲ. ಎದೆಯ ತನಕ ನೆಲದೊಳಗಿದ್ದ ಸಾಹೇಬರು ಸ್ವಲ್ಪ ಹೊತ್ತು ಅತ್ತಿತ್ತ ನೋಡಿದರು.

"ಇಲ್ಲೂ ಗಾಳಿ ಬರತೈತಿ," ಎಂದರು.

೩. ಅಳುವ ಡಬ್ಬಿ

ಅಷ್ಟರಲ್ಲಿ ನಿಜವಾದ ಕಷ್ಟ ಶುರುವಾಯಿತು. ಸಂಜೆ ನಮ್ಮ ಕಂಪ್ಯೂಟರಿಗೆ ತುಂಬಿಟ್ಟ ಕಲ್ಲು ಹಲಗೆಗಳ ಮಾಹಿತಿ ಬೆಳಗ್ಗೆ ಅರ್ಧ ಮಾಯ. ಕಾರಣ ನನಗೆ ಸಿಗಲಿಲ್ಲ. ಕಾರ್ಖಾನೆಯ ಮಾಲೀಕರು ಫೋನ್ ಮಾಡಿದರು: "ಈ ತಿಂಗಳದಾಗ ಸರಿ ಆಗಲಿಲ್ಲಂದ್ರ ನಮಗ ಬ್ಯಾಡ್ರಿ." ಕೆಲಸ ಹೋದರೆ ಮೊದಲು ಹೋಗುವವನು ತಪ್ಪು ಹುಡುಕಲಾಗದ ನಾನು. ಸಾಹೇಬರು ಅದನ್ನು ಮರೆಮಾಚದೆ ಹೇಳಿದರು.

ಮೂರನೇ ಸಭೆಯ ಪೆನ್ಸಿಲ್ ಚೀಟಿ: "ನಸುಕಿನ್ಯಾಗ ನಿಮ್ಮ ಡಬ್ಬಿ ಅಳತೈತಿ. ಅತ್ತು ಅತ್ತು ಸತ್ತು ಹೋಗತೈತಿ. ನಿಮಗ ಕರುಣಾ ಇಲ್ಲ."

ಮೇಡಂ ಚೀಟಿಯನ್ನು ಮುಟ್ಟಲಿಲ್ಲ. ಮರುದಿನ ಕಂಪ್ಯೂಟರಿಗೆ ಒಂದು ಲಿಂಬೆಹಣ್ಣು, ಎರಡು ಮೆಣಸಿನಕಾಯಿ ಕಟ್ಟಿದ್ದವು.

"ಯಾರ್ ಕಟ್ಯಾರ ಇದನ್ನ?" ಎಂದರು ಸಾಹೇಬರು.

"ಕೇಳಂಗಿಲ್ರಿ," ಎಂದ ಶಿರೂರಿನವನು.

ಅದರ ಮರುದಿನ ನಸುಕಿನಲ್ಲಿ ನಾನೊಬ್ಬನೇ ಹೋಗಿ ಕುಳಿತೆ. ಐದು ಗಂಟೆಗೆ ಕಂಪ್ಯೂಟರು ತಾನಾಗಿ ಎಲ್ಲ ಮಾಹಿತಿಯನ್ನೂ ಹೊಸದಾಗಿ ಬರೆಯತೊಡಗಿತು. ನಾವೇ ಹಾಗೆ ಇಟ್ಟಿದ್ದೆವು. ಐದು ನಿಮಿಷಕ್ಕೆ ಕರೆಂಟು ಹೋಯಿತು. ಕತ್ತಲಲ್ಲಿ ಮೇಜಿನಡಿಯಿಂದ ಎಳೆಮಗುವಿನಂಥ ಒಂದು ದನಿ. ಅದು ಕರೆಂಟು ಹೋದಾಗ ಕಂಪ್ಯೂಟರನ್ನು ನಡೆಸುವ ಯುಪಿಎಸ್ ಡಬ್ಬಿ. ಬ್ಯಾಟರಿ ಹಳತು. ಕೀಂ ಕೀಂ ಎಂದು ಅತ್ತು, ಮೆತ್ತಗಾಗಿ, ಸತ್ತಿತು. ಕಂಪ್ಯೂಟರಿನ ಬರಹ ಅರ್ಧಕ್ಕೆ ನಿಂತಿತು. ತಪ್ಪು ಸಿಕ್ಕಿತ್ತು.

ಆಗ ಹಿತ್ತಲ ಬಾಗಿಲಲ್ಲಿ ಹೊರಗಿನಿಂದ ಕೀಲಿ ತಿರುಗಿತು. ಕಂದೀಲು ಹಿಡಿದು, ಕಸಬರಿಗೆ ಹಿಡಿದು, ಹಿಂದಿನ ಭಾಗದಲ್ಲಿ ಮಗ್ಗ ನೇಯುವ ಮನೆಯೊಡತಿ ಅಜ್ಜಿ ಒಳಗೆ ಬಂದಳು. ದಿನಾ ನಾವು ಬರುವ ಮೊದಲೇ ಕಸ ಹೊಡೆಯುವವಳು. ಕಿವಿಗೆ ಪೆನ್ಸಿಲ್ ಸಿಕ್ಕಿಸಿದ್ದಳು.

"ಅಂತೂ ಬಂದ್ಯಾ, ತಮ್ಮಾ? ದಿನಾ ಈ ಹೊತ್ತಿಗೇ ಕರೆಂಟ್ ಹೋಗತೈತಿ."

"ಅಜ್ಜೀ, ಬಾಯಿಲೇ ಹೇಳಬಾರದಿತ್ತೇನು?"

"ನಿಮ್ಮ ಸಾಹೇಬ ಹೇಳಿದ್ದು ಗ್ವಾಡಿ ಆಚಿಗೆ ಕೇಳಿತು. ಬರದು ಹಾಕ್ರಿ, ಹೆಸರು ಹೇಳಬ್ಯಾಡ್ರಿ ಅಂದಾನ. ನಾ ನಿಯಮ ಮುರಿಯಾಕಿ ಅಲ್ಲಪಾ."

೪. ಕೊನೆಯ ಎಣಿಕೆ

ನಸುಕಿನ ಐದಕ್ಕೆ ಆಗುತ್ತಿದ್ದ ಬರಹವನ್ನು ಮಧ್ಯಾಹ್ನ ಊಟದ ಹೊತ್ತಿಗೆ ಆಗುವಂತೆ ಬದಲಿಸಿದೆ. ಆಮೇಲೆ ಒಂದು ಹಲಗೆಯೂ ಕಾಣೆಯಾಗಲಿಲ್ಲ. ತಿಂಗಳ ಕೊನೆಯ ದಿನ ಸಾಹೇಬರು ಅದನ್ನು ತೋರಿಸಲು ಬೆಳಗಿನ ಬಸ್ಸಿಗೆ ಹುನಗುಂದಕ್ಕೆ ಹೋದರು. ಹಸಿರು ಪೆನ್ನು ಕಿಸೆಗೆ ಸಿಕ್ಕಿಸಿಕೊಂಡಿದ್ದ ಅವರನ್ನು ನಾನೇ ಬಸ್ ಹತ್ತಿಸಿ ಬಂದೆ. ಬಂದವನು ಡಬ್ಬಿ ತೆರೆದು, ಬೋರಲು ಹಾಕಿ, ಖಾಲಿ ಇದೆ ಎಂದು ನೋಡಿ ಕೀಲಿ ಹಾಕಿದೆ. ಕೀಲಿಕೈ ನನ್ನ ಕಿಸೆಯಲ್ಲೇ ಇತ್ತು.

ಅಂದಿನ ಸಭೆಗೆ ಅಜ್ಜಿಯನ್ನೇ ಕರೆದು ಕೂರಿಸಿದೆವು. ಅಜ್ಜಿಯೂ ಸೇರಿ ನಾವು ನಾಲ್ವರೂ ಒಂದೊಂದು ಚೀಟಿ ಹಾಕಿದೆವು. ಅಷ್ಟರಲ್ಲಿ ಫೋನ್ ಬಂತು.

"ಒಪ್ಪಿದ್ರು," ಎಂದರು ಸಾಹೇಬರು. "ನಿಂದೂ ಕಾಯಂ ಆತು ಅಂತ ತಿಳಿ. ಇಲ್ಲೇ ಊಟಕ್ಕ ಕುಂದರ್ಸ್ಯಾರ, ಸಂಜಿಕ ಬರ್ತೇನಿ."

ಶಿರೂರಿನವನು ಲಿಂಬೆಹಣ್ಣಿಗೆ ಕೈಮುಗಿದ. ನಾನು ಡಬ್ಬಿ ತೆರೆದು ಎಣಿಸಿದೆ. ಮತ್ತೆ ಎಣಿಸಿದೆ.

ಐದು.

ಐದನೆಯದನ್ನು ಮೇಡಂ ಬಿಡಿಸಿದರು. ಹಸಿರು ಶಾಯಿ. "ಸಾಹೇಬರು ಭಾಳ ಚಲೋ."

ನಿಯಮದಂತೆ ಯಾರೂ ಕೇಳಲಿಲ್ಲ.

ಅಜ್ಜಿ ಮಾತ್ರ ಕಿವಿಯಿಂದ ಪೆನ್ಸಿಲ್ ತೆಗೆದು ಎಲ್ಲರಿಗೂ ಕಾಣುವಂತೆ ಮೇಜಿನ ಮೇಲೆ ಇಟ್ಟಳು.

"ನಿಯಮ ಮುರಿದ್ರ ಮುರೀಲಿ," ಎಂದಳು. "ಇದನ್ನ ಮಾತ್ರ ನಾ ಬರದಿಲ್ಲ."