ಕೊನೆಯ ಗಾಡಿಯ ದಾರಿ

ಮಗಳನ್ನು ಏನು ಬೇಕಾದರೂ ಓದಿಸಿ, ಆದರೆ ನೆಂಟರಿಗೆ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವಂಥದ್ದನ್ನು ಓದಿಸಿ. ಇದು ಸಾಕಾಗಿಹೋದವನ ಸಲಹೆ, ಪುಕ್ಕಟೆ. ಸೂಲಿಬೆಲೆಯಲ್ಲಿ ಹಳೇ ಟ್ರ್ಯಾಕ್ಟರ್ ಮಾರಿ ಮನೆ ಕಟ್ಟಿದವನು ನಾನು. ಏರು ಹತ್ತದ ಗಾಡಿಯನ್ನೂ "ಸಾಧು ಸ್ವಭಾವದ್ದು" ಎಂದು ಬಣ್ಣಿಸಬಲ್ಲೆ. ಮಗಳು ಶ್ರುತಿ ಪಿಎಚ್.ಡಿ.ಗೆ ಹಿಡಿದಿರುವ ಗಣಿತ ಮಾತ್ರ ನನ್ನ ಬಾಯಿಗೆ ಸಿಕ್ಕಿಲ್ಲ. ಕಾಂಪ್ಲೆಕ್ಸ್ ಜಿಯೊಡೆಸಿಕ್ ಅಂತೆ. ಕೊನೆಯೇ ಇಲ್ಲದಷ್ಟು ದಿಕ್ಕುಗಳಿರುವ ಜಾಗದಲ್ಲಿ ಅತಿ ಹತ್ತಿರದ ದಾರಿಯಂತೆ. ಅದು ಒಂದೇ ಇರುತ್ತದೋ ಹಲವು ಇರುತ್ತವೋ ಎಂಬುದು ಆ ಜಾಗದ ಮೈ ಎಷ್ಟು ಉಬ್ಬಿದೆ ಎನ್ನುವುದರ ಮೇಲೆ ನಿಂತಿದೆಯಂತೆ. "ಇದಕ್ಕೆ ಇಷ್ಟು ವರ್ಷ ಬೇಕೇನಮ್ಮಾ? ಹತ್ತಿರದ ದಾರಿ ಯಾವಾಗ್ಲೂ ಒಂದೇ, ಅದು ನನಗೆ ಗೊತ್ತಿರೋದು," ಎಂದಿದ್ದೆ. ಅವಳು ನಕ್ಕುಬಿಟ್ಟಿದ್ದಳು.

ಮೊನ್ನೆ ಅಣ್ಣನ ಮಗನ ನಿಶ್ಚಿತಾರ್ಥ, ಬೂದಿಗೆರೆಯ ಹೆಣ್ಣಿನ ಮನೆಯಲ್ಲಿ. ನಮ್ಮದು ಮೂರು ಗಾಡಿ. ನಮ್ಮಲ್ಲಿ ಗಂಡಿನ ಕಡೆಯವರು ಬಿಡಿಬಿಡಿಯಾಗಿ ನುಗ್ಗುವ ಹಾಗಿಲ್ಲ. ಕೊನೆಯವರು ಬರುವ ತನಕ ಹೊರಗೆ ಕಾದು, ತಟ್ಟೆ ಹಿಡಿದು ಒಟ್ಟಿಗೇ ಹೊಸಿಲು ದಾಟಬೇಕು. ಅದೂ ರಾಹುಕಾಲಕ್ಕೆ ಮುಂಚೆ. ತಪ್ಪಿದರೆ ಅತ್ತಿಗೆ ಬದುಕಿರುವ ತನಕ ಎತ್ತಿ ಆಡುತ್ತಾರೆ. ಅದಕ್ಕೇ "ಎಲ್ಲರೂ ನನ್ನ ಒಳದಾರೀಲೇ ಬನ್ನಿ" ಎಂದು ಕಟ್ಟಪ್ಪಣೆ ಮಾಡಿದೆ. ಯಾರು ಕೇಳುತ್ತಾರೆ? ಅಣ್ಣನ ಗಾಡಿ ಹೊಸಕೋಟೆ ಕಡೆ ತಿರುಗಿತು. ಬಾಮೈದ ಕೆಂಪಣ್ಣ ಇಡ್ಲಿ ಹುಡುಕಿಕೊಂಡು ದೇವನಹಳ್ಳಿ ಕಡೆ ಹೋದ. ಫೋನಿನಲ್ಲಿ ಬೈದು ಬೈದು ಗಂಟಲು ಕಟ್ಟುವಷ್ಟರಲ್ಲಿ ನನ್ನ ಒಳದಾರಿಗೇ ಬೋರ್‌ವೆಲ್ ಲಾರಿ ಅಡ್ಡ ನಿಂತಿತ್ತು. ಚೌಕಾಸಿಗೆ ಇಳಿದೆ. "ನೀರು ಬಿದ್ಮೇಲೆ ತೆಗೀತೀನಿ ಯಜಮಾನ್ರೇ," ಎಂದ ಡ್ರೈವರ್. ಪಾತಾಳದ ಜೊತೆ ಚೌಕಾಸಿ ಮಾಡುವ ವಿದ್ಯೆ ನನಗಿನ್ನೂ ಬಂದಿಲ್ಲ. ಪಕ್ಕದ ಬೀಳು ಹೊಲಕ್ಕೆ ಕಾರಿಳಿಸಿ, ಹೆಂಡತಿಯ ಕೈಲಿ ಬೈಸಿಕೊಳ್ಳುತ್ತಾ ಹೇಗೋ ಬೂದಿಗೆರೆ ಮುಟ್ಟಿದೆ.

ಮಿಕ್ಕ ಎರಡೂ ಗಾಡಿಯವರು ಹೊಂಗೆ ಮರದಡಿ ಎಳನೀರು ಕುಡಿಯುತ್ತಿದ್ದರು. "ಯಾಕ್ ಬಾವ, ದಾರಿ ತಪ್ಪಿದ್ರಾ?" ಎಂದ ಕೆಂಪಣ್ಣ. ರಾಹುಕಾಲ ಇನ್ನೇನು ಶುರುವಾಗುವುದರಲ್ಲಿತ್ತು. ತಟ್ಟೆ ಎತ್ತಿಕೊಂಡು ಎಲ್ಲರೂ ಒಟ್ಟಿಗೇ ಹೊಸಿಲು ದಾಟಿದೆವು. "ಎಂಥಾ ಒಗ್ಗಟ್ಟು ನಿಮ್ಮದು!" ಎಂದರು ಹೆಣ್ಣಿನ ತಾತ.

ಊಟದ ಎಲೆಯ ಮುಂದೆ ಶ್ರುತಿ ಹೇಳಿದಳು: "ಅಪ್ಪಾ, ಇವತ್ತು ಆಗಿದ್ದೇ ನನ್ನ ಗಣಿತ. ಒಳಗೆ ಹೋಗೋದು ಕೊನೇ ಗಾಡಿ ಬಂದಾಗ. ಅಂದ್ಮೇಲೆ ಮಿಕ್ಕೋರು ಹೊಸಕೋಟೆ ಸುತ್ತಲಿ, ಇಡ್ಲಿ ತಿನ್ನಲಿ, ಅದಕ್ಕಿಂತ ಮುಂಚೆ ಬಂದ್ರೆ ಸಾಕು, ಹೊತ್ತು ಒಂಚೂರೂ ಹೆಚ್ಚಾಗಲ್ಲ. ಹಾಗಾಗಿ ಎಲ್ಲಾ ದಾರಿನೂ ಹತ್ತಿರದ್ದೇ. ಹೀಗೆ ಕೊನೆಯವರೊಬ್ಬರೇ ಲೆಕ್ಕಕ್ಕೆ ಬರೋ ಜಾಗದ ಮೈ ಅಲ್ಲಲ್ಲಿ ಚಪ್ಪಟೆ. ಒಬ್ಬೊಬ್ಬರ ಸುತ್ತಾಟನೂ ಲೆಕ್ಕಕ್ಕೆ ಸೇರಿದ್ರೆ ಮೈಯೆಲ್ಲಾ ದುಂಡಗೆ ಉಬ್ಬುತ್ತೆ, ಆಗ ದಾರಿ ಒಂದೇ. ಒಂದೊಂದು ಗಾಡಿನೂ ಒಂದೊಂದು ದಿಕ್ಕು ಅಂದ್ಕೋ, ನನ್ನ ಲೆಕ್ಕದಲ್ಲಿ ಗಾಡಿಗಳು ಮೂರಲ್ಲ, ಮುಗಿಯೋದೇ ಇಲ್ಲ."

"ಅಷ್ಟು ಗಾಡಿ ಜನಕ್ಕೆ ಅಡುಗೆ ಮಾಡೋರು ಯಾರೇ?" ಎಂದಳು ನನ್ನ ಹೆಂಡತಿ.

"ಹಾಗಾದ್ರೆ ಆಚೀಚೆ ಅಲೆಯೋ ಹಾಗಿಲ್ಲದೋರು ಯಾರೂ ಇಲ್ವಾ?" ಎಂದೆ.

"ಇದಾರಲ್ಲ ಒಬ್ರು. ಕೊನೇಲಿ ಬರೋರು."

ಹೋಳಿಗೆಗೆ ಇನ್ನೊಂದಿಷ್ಟು ತುಪ್ಪ ಹಾಕಿಸಿಕೊಂಡೆ. ಅಂತೂ ಮಗಳ ಗಣಿತ ನನಗೆ ಅರ್ಥವಾಯಿತು. ಯಾರು ಕೇಳಿದರೂ ಈಗ ಒಂದೇ ಉಸಿರಿನಲ್ಲಿ ಹೇಳಬಲ್ಲೆ. ತೊಂದರೆ ಏನೆಂದರೆ, ಅವತ್ತು ಎಲ್ಲರಿಗಿಂತ ಕೊನೆಗೆ ಬಂದವರು ಯಾರು ಎನ್ನುವಲ್ಲಿಂದಲೇ ಶುರು ಮಾಡಬೇಕು. ಅದಕ್ಕೇ ಈಗಲೂ ನೆಂಟರು ಕೇಳಿದರೆ "ಅದೇನೋ ಗಣಿತ ಅಂತೆ ಕಣಪ್ಪಾ" ಎಂದು ಟ್ರ್ಯಾಕ್ಟರಿನ ಮಾತಿಗೆ ತಿರುಗುತ್ತೇನೆ.